ಖಾಕಿ ತುಂಡಿನ ಕೌದಿ

ಪ್ರೇಮಕುಮಾರಿ ಹೂಗಾರ ಎಂಬುದು ಅವರ ನಿಜವಾದ ಹೆಸರಲ್ಲ. ತವರೂರನ್ನು ಬರೆದೇ ಇಲ್ಲ. ಇಲ್ಲಿ ಕೌದಿ ಎಂದು ಬರೆದಿರುವುದು ಬಹುಶಃ ಕೌದಿಯೂ ಅಲ್ಲ. ಬರೆಯಲೇ ಎಂದು ಮೊದಲು ಅವರನ್ನೇ ಕೇಳಿದೆ. “ಬರಿ, ಆದ್ರ ಹೆಸರು ನಾನ ಆರಸ್ತೀನಿ” ಎಂದರು. ಒಂದು ವಾರ ಯೋಚಿಸಿ ಈ ಹೆಸರು ಆರಿಸಿಕೊಟ್ಟರು. ಈ ಕಥೆಯಲ್ಲಿ ಇಂಥ ಎಚ್ಚರ ಯಾಕೆ ಬೇಕು ಎನ್ನುವುದು ಮುಂದೆ ಓದಿದರೆ ತಿಳಿಯುತ್ತದೆ.

ನಾನು ಎರ್ಲಾಂಗೆನ್‌ಗೆ ಬಂದದ್ದು 2001ರ ಜನವರಿಯಲ್ಲಿ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಐದು ವರ್ಷದ ಗ್ರೀನ್ ಕಾರ್ಡ್ ಕೊಡಲು ಶುರುಮಾಡಿ ಆರು ತಿಂಗಳೂ ಆಗಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವನು ನಾನೇ ಮೊದಲು, ವಿಮಾನ ಹತ್ತಿದವನೂ ನಾನೇ ಮೊದಲು. ಬಂದ ಎರಡನೆಯ ವಾರ ಜರ್ಮನ್ ಕಲಿಯುವ ಪುಸ್ತಕ ಹುಡುಕಿಕೊಂಡು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ನನ್ನ ಅರ್ಜಿಯ ಮೇಲಿನ ಹೆಸರು ನೋಡಿ, ಕನ್ನಡಕ ಮೇಲೆತ್ತಿ, “ಯಾವೂರಪಾ ತಮ್ಮಾ?” ಎಂದು ಕೇಳಿದರು. ಗೋಕಾಕದ ಹತ್ತಿರದ ಹಳ್ಳಿ ಎಂದೆ. ಅರ್ಜಿಯನ್ನು ಬದಿಗಿಟ್ಟು, “ಊಟ ಆಗೈತೇನು?” ಎಂದರು.

ಅವರೇ ಪ್ರೇಮಕ್ಕ. ಆ ದೇಶದಲ್ಲಿ ಬದುಕುವುದನ್ನು ನನಗೆ ಕಲಿಸಿದವರು. “ಬೆಲ್ಲಿನ ಮ್ಯಾಲೂ ಅಂಚೆ ಡಬ್ಬಿ ಮ್ಯಾಲೂ ಹೆಸರು ಅಂಟಸು. ಇಲ್ಲಾಂದ್ರ ಪೋಸ್ಟ್‌ಮನ್ ಕಾಗದ ವಾಪಸ್ ಒಯ್ತಾನ.” “ಭಾನುವಾರ ಬಟ್ಟಿ ಒಗೀಬ್ಯಾಡ, ಕೆಳಗಿನ ಮುದುಕಿ ಜಗಳಕ್ಕ ಬರ್ತಾಳ.” ಹಳೆಯ ಸೈಕಲ್ ಕೊಡಿಸಿದರು, ಮಂಜಿನಲ್ಲಿ ಬ್ರೇಕ್ ಹಿಡಿಯುವುದನ್ನೂ ಹೇಳಿಕೊಟ್ಟರು.

1988ರಲ್ಲಿ, ಇಪ್ಪತ್ನಾಲ್ಕರ ವಯಸ್ಸಿನಲ್ಲಿ, ಸಂಶೋಧನೆಗೆಂದು ಬಂದ ಗಂಡನ ಜೊತೆ ಅವರು ಇಲ್ಲಿಗೆ ಬಂದಿದ್ದರು. ಆರು ವರ್ಷದ ನಂತರ ಗಂಡ ಬೇರೆ ಊರು, ಬೇರೆ ಸಂಸಾರ ಹುಡುಕಿಕೊಂಡ. ಇವರು ಉಳಿದರು. ಗ್ರಂಥಾಲಯದ ಕೆಲಸ, ಎರಡು ಕೋಣೆಯ ಮನೆ, ಶನಿವಾರ ಮಧ್ಯಾಹ್ನ ಎಂಟು ಮಕ್ಕಳಿಗೆ ಕನ್ನಡ ಪಾಠ. ಆ ಪಾಠವೆಂದರೆ ಅವರಿಗೆ ಪ್ರಾಣ. ಮಕ್ಕಳು ಜರ್ಮನ್‌ನಲ್ಲಿ ಉತ್ತರ ಕೊಟ್ಟರೆ ಕಿವಿ ಕೇಳಿಸದವರಂತೆ ಸುಮ್ಮನೆ ಕೂರುತ್ತಿದ್ದರು. ಕೊನೆಗೆ ಮಕ್ಕಳೇ ಸೋತು ಕನ್ನಡಕ್ಕೆ ಇಳಿಯುತ್ತಿದ್ದವು. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ.

ಈಗ ನನ್ನ ತಪ್ಪಿನ ವಿಷಯ. ಜರ್ಮನಿಯ ಕನ್ನಡಿಗರಿಗೆ ಒಂದು ಬಳಗವಿತ್ತು. ಅದಕ್ಕೆ ಇಂಟರ್ನೆಟ್‌ನಲ್ಲಿ ಪುಟ ಮಾಡಿಕೊಟ್ಟವನು ನಾನು. ಹೊಸದಾಗಿ ಬಂದವರು ನನ್ನಂತೆ ಪರದಾಡಬಾರದೆಂದು ಸದಸ್ಯರ ಪಟ್ಟಿ ಹಾಕಿದೆ: ಹೆಸರು, ಹುಟ್ಟೂರು, ಬೀದಿ, ಮನೆ ನಂಬರು, ಫೋನು, ಶುಭಾಶಯ ಹೇಳಲು ಹುಟ್ಟಿದ ದಿನ. 2002ರ ರಾಜ್ಯೋತ್ಸವಕ್ಕೆ ‘ನಮ್ಮ ಮನೆಯ ಕೈಕೆಲಸ’ ಎಂದು ಪ್ರದರ್ಶನ ಇಟ್ಟಿದ್ದೆವು. ಅದರ ಫೋಟೋಗಳನ್ನೂ ಹಾಕಿ ಪ್ರತಿಯೊಂದಕ್ಕೂ ವಿವರ ಬರೆದೆ. ಕನ್ನಡ ಅಕ್ಷರ ಎಲ್ಲ ಕಂಪ್ಯೂಟರುಗಳಲ್ಲೂ ಮೂಡುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಯಾವ ಹುಡುಕಾಟದಲ್ಲೂ ಸಲೀಸಾಗಿ ಸಿಗುತ್ತಿತ್ತು. ಸಾಲದ್ದಕ್ಕೆ ಅದನ್ನೆಲ್ಲ ಮೂವತ್ತೆರಡು ಸಿ.ಡಿ.ಗಳಿಗೆ ಇಳಿಸಿ ಮನೆಮನೆಗೆ ಅಂಚೆಯಲ್ಲಿ ಕಳಿಸಿದೆ. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೇ ಇಲ್ಲ. ನಮ್ಮೂರಲ್ಲಿ ಯಾರ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ ಬಾಗಿಲವರೆಗೆ ಬಂದು ತೋರಿಸುತ್ತಾರೆ.

2003ರ ಫೆಬ್ರವರಿಯ ಒಂದು ಗುರುವಾರ, ಕೆಲಸ ಮುಗಿಯುವ ಹೊತ್ತಿಗೆ, ಪ್ರೇಮಕ್ಕ ಫೋನ್ ಮಾಡಿದರು. “ಸೈಕಲ್ ತಗೊಂಡು ನೆಟ್ಟಗ ಮನಿಗೆ ಬಾ.”

ಹೋದೆ. ಚಹಾ ಕೊಟ್ಟು ಎದುರು ಕುಳಿತರು.

“ಬಾಳಪ್ಪ, ಒಂದು ಮಾತು ಹೇಳ್ತೀನಿ. ಕೇಳಿದ ಮ್ಯಾಲೆ ಎದ್ದು ಹೋಗ್ತೀನಿ ಅಂದ್ರ ಹೋಗು. ಆದ್ರ ಒಂದು ಕೆಲಸ ಮಾಡಿಕೊಟ್ಟು ಹೋಗು.”

“ಹೇಳ್ರಿ ಅಕ್ಕಾರ.”

“ಇಂಟರ್ನೆಟ್‌ನಾಗ ನನ್ನ ಫೋಟೋ ಅದಾವ. ದೊಡ್ಡವರು ಮಾತ್ರ ನೋಡುವಂಥಾವು. ರೊಕ್ಕಾ ಕೊಟ್ಟು ನೋಡ್ತಾರ. ಮುಖ ಇಲ್ಲ, ಹೆಸರಿಲ್ಲ. ನಾನ ತಗೋತೀನಿ, ನಾನ ಮಾರ್ತೀನಿ. ಮೂರು ವರ್ಷಾತು.”

ನನ್ನ ಕಿವಿ ಬಿಸಿಯಾಯಿತು. ಚಹಾದ ಮೇಲಿನ ಕೆನೆಯನ್ನೇ ನೋಡುತ್ತಾ ಕುಳಿತೆ. ಅವರು ಅವಸರ ಮಾಡಲಿಲ್ಲ. ಮೊದಲು ಸಂಜೆಯ ಚಿತ್ರಕಲಾ ತರಗತಿಯೊಂದಕ್ಕೆ ಮಾಡೆಲ್ ಆಗಿ ಹೋಗಿದ್ದರಂತೆ. ಇಪ್ಪತ್ತು ನಿಮಿಷ ಅಲುಗಾಡದೆ ಕೂರಬೇಕು. “ಒಂದ ಗೆರಿ ತಪ್ಪಬಾರದು ಅಂತ ಹದಿನೈದು ಮಂದಿ ನನ್ನ ನೋಡಿದ್ರು. ಗಂಡ ಅನ್ನಾಂವ ಆರು ವರ್ಷದಾಗ ಒಮ್ಮೆ ಹಂಗ ನೋಡಿದ್ದಿಲ್ಲ. ಮನಿಗೆ ಬರೂತನಾ ನಕ್ಕೋತ ಬಂದೆ,” ಎಂದರು. ಅಲ್ಲಿಂದ ಫೋಟೋ. ಆಮೇಲೆ ಸ್ವಂತದ ತಾಣ.

ಎಚ್ಚರದಲ್ಲಿ ಅವರು ನನ್ನ ಮೇಲಧಿಕಾರಿಗಳನ್ನೂ ಮೀರಿಸುವಂತಿದ್ದರು. ಜರ್ಮನಿಯಲ್ಲಿ ಇಂಥ ತಾಣ ನಡೆಸುವವರು ತಮ್ಮ ಹೆಸರು, ವಿಳಾಸವನ್ನು ಅದರಲ್ಲೇ ಪ್ರಕಟಿಸಬೇಕೆಂದು ಕಾನೂನು. ಅದಕ್ಕಾಗಿ ನ್ಯೂರೆಂಬರ್ಗಿನ ಒಂದು ಚಿಕ್ಕ ಕಂಪನಿಯನ್ನೇ ತಾಣದ ಒಡೆಯನನ್ನಾಗಿ ಮಾಡಿ, ತಾವು ಚಿತ್ರ ಒದಗಿಸುವವರು ಮಾತ್ರ ಎಂದು ಕರಾರು ಬರೆಸಿಕೊಂಡಿದ್ದರು. ಬೇರೆ ಇ-ಮೇಲ್. ಟೆಲಿಫೋನ್ ಪುಸ್ತಕದಿಂದ ಹೆಸರು ತೆಗೆಸಿದ್ದರು. ಫೋಟೋ ತೆಗೆಯುವ ಮೊದಲು ಕಿಟಕಿಗೆ ಪರದೆ, ಮೊಣಕಾಲಿನ ಹಳೆಯ ಗಾಯದ ಗುರುತಿಗೆ ಪಟ್ಟಿ, ಗೋಡೆಯ ಕ್ಯಾಲೆಂಡರು ಒಳಕ್ಕೆ.

“ಇಷ್ಟೆಲ್ಲಾ ಮಾಡಿ, ಇದೊಂದು ಕಾಣಲೇ ಇಲ್ಲ ನೋಡು ನನಗ,” ಎಂದು ಮಂಚದ ಕಡೆ ಕೈ ತೋರಿಸಿದರು.

ಅಲ್ಲಿ ಕೌದಿ ಇತ್ತು, ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ. ಅವರ ಅಜ್ಜಿ ಸಾವಿತ್ರವ್ವ ಹೊಲಿದದ್ದು. ಇಳಕಲ್ ಸೀರೆಯ ಕೆಂಪು ಸೆರಗು, ಹಸಿರು ಕುಪ್ಪಸದ ತುಂಡು, ಪೋಸ್ಟ್‌ಮನ್ ಆಗಿದ್ದ ಅಜ್ಜನ ಖಾಕಿ ಅಂಗಿಯ ತುಂಡು. ಆ ಖಾಕಿಯಲ್ಲಿ ಗುಂಡಿಯ ತೂತು ಹಾಗೆಯೇ ಉಳಿದಿತ್ತು. ಹುಟ್ಟಿದಾಗಿನಿಂದ ಹೊದ್ದುಕೊಂಡದ್ದು. ಅದನ್ನೇ ಹಾಸಿ ಮೂರು ವರ್ಷ ಫೋಟೋ ತೆಗೆದುಕೊಂಡಿದ್ದರು. ಒಂದು ಕೌದಿಯಂತೆ ಇನ್ನೊಂದು ಇರುವುದಿಲ್ಲ. ಒಂದು ಮನೆಯ ಹಳೆ ಬಟ್ಟೆ ಇನ್ನೊಂದು ಮನೆಯಲ್ಲಿ ಸಿಗುವುದಾದರೂ ಹೇಗೆ?

ಅದೇ ಕೌದಿಯನ್ನು ರಾಜ್ಯೋತ್ಸವದ ಪ್ರದರ್ಶನಕ್ಕೂ ಕೊಟ್ಟಿದ್ದರು. ಅದರ ಕೆಳಗೆ ನಾನು ಬರೆದದ್ದು: ‘ಸಾವಿತ್ರವ್ವ ಹೊಲಿದ ಕೌದಿ. ಮೊಮ್ಮಗಳು ಪ್ರೇಮಕುಮಾರಿ ಹೂಗಾರ, ಎರ್ಲಾಂಗೆನ್.’ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಬೀದಿಯೂ ಮನೆ ನಂಬರೂ ತೆರೆದುಕೊಳ್ಳುತ್ತಿದ್ದವು. ಆ ಸೌಲಭ್ಯ ಮಾಡಿದ ದಿನ ನಾನು ಬಹಳ ಹೆಮ್ಮೆಪಟ್ಟಿದ್ದೆ.

ಪ್ರೇಮಕ್ಕ ಒಂದು ಹಾಳೆ ಮುಂದಿಟ್ಟರು. ಅವರ ಫೋಟೋ ತಾಣಕ್ಕೆ ಚಂದಾ ಕೊಡುವ ಸದಸ್ಯನೊಬ್ಬ, ತನ್ನ ಹೆಸರು ಹೇಳದೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದ: ‘ಆ ಕೌದಿ ನಾನು ಎಲ್ಲೋ ನೋಡಿದ್ದೇನೆ. ನೀವು ನಮ್ಮ ಕಡೆಯವರು. ಎಲ್ಲಿ ಅಂತ ನೆನಪಾಗುತ್ತಿಲ್ಲ. ನೆನಪಾದ ದಿನ ನಿಮ್ಮ ಮನೆ ಬೆಲ್ ಒತ್ತುತ್ತೇನೆ.’

“ಇಂವಗ ನೆನಪಾಗೂದರಾಗ ಆ ಪುಟ ತಗೀಬೇಕು,” ಎಂದರು. “ನಾ ಏನು ತೋರಸ್ಬೇಕು ಅನ್ನೂದು ನಾನ ಆರಿಸಿಕೊಂಡೀನಿ. ನನ್ನ ಬಾಗಿಲ ನಾ ಯಾರಿಗೂ ತೋರಿಸಿಲ್ಲ. ಇದು ಹೊರಗ ಬಿದ್ರ ಶನಿವಾರ ಒಂದು ಕೂಸೂ ಬರೂದಿಲ್ಲ, ಗೊತ್ತೈತಿಲ್ಲೋ?”

ಚಹಾ ಅಲ್ಲಿಯೇ ಬಿಟ್ಟೆ. ಅವರ ಕಂಪ್ಯೂಟರಿನಿಂದಲೇ ಬಳಗದ ಸರ್ವರಿಗೆ ಹೋಗಿ ಫೋಟೋ ಪುಟವನ್ನೂ ಸದಸ್ಯರ ಪಟ್ಟಿಯನ್ನೂ ಅಳಿಸಿದೆ. ಐದು ನಿಮಿಷದ ಕೆಲಸ. ಆದರೆ ಹುಡುಕಿ ನೋಡಿದರೆ ಹಳೆಯ ಪುಟದ ಪ್ರತಿ ಇನ್ನೂ ಬರುತ್ತಿತ್ತು. ಹುಡುಕಾಟದ ಕಂಪನಿಯವರು ತಮ್ಮಲ್ಲಿ ನಕಲು ಇಟ್ಟುಕೊಂಡಿದ್ದರು. ತೆಗೆಯಿರೆಂದು ಅವರಿಗೊಂದು ಅರ್ಜಿ ತುಂಬಿದೆ. ಎಷ್ಟು ದಿನ ಬೇಕೋ ಯಾರಿಗೂ ತಿಳಿಯದು.

ಆಗ ಇನ್ನೊಂದು ಅನುಮಾನ ಬಂತು. “ಅಕ್ಕಾರ, ಫೋಟೋ ಫೈಲಿನೊಳಗ ಕ್ಯಾಮೆರಾದ ಮಾಹಿತಿ ಇರ್ತೈತಿ. ಫೋಟೋ ತೆರೀದಾಂಗ ಅದನ್ನಷ್ಟ ನೋಡಬಹುದು. ನೋಡ್ಲೇನ್ರಿ?”

ನೋಡಿದೆ. ಚಿತ್ರ ತೆಗೆದ ದಿನ, ಬೆಳಕಿನ ಅಳತೆ, ಕೊನೆಯಲ್ಲಿ ಒಂದು ಸಾಲು. ಮಾಲೀಕರು: ಪ್ರೇಮಕುಮಾರಿ ಹೂಗಾರ.

ಕ್ಯಾಮೆರಾವನ್ನು ಮೊದಲ ದಿನ ಕಂಪ್ಯೂಟರಿಗೆ ಜೋಡಿಸಿದಾಗ ಅದು ಮಾಲೀಕರ ಹೆಸರು ಕೇಳಿತ್ತಂತೆ. ನಮ್ಮಲ್ಲಿ ಸ್ಟೀಲ್ ತಂಬಿಗೆ ಕೊಂಡರೂ ಹೆಸರು ಕೊರೆಸದೆ ಅಂಗಡಿ ಬಿಡುವುದಿಲ್ಲ. ಅವರೂ ಖುಷಿಯಿಂದ ಪೂರ್ತಿ ಹೆಸರು ತುಂಬಿದ್ದರು. ಇನ್ನೂರ ಹನ್ನೆರಡು ಫೋಟೋ. ಇನ್ನೂರ ಹನ್ನೆರಡರಲ್ಲೂ ಹೆಸರು.

ಪ್ರೇಮಕ್ಕ ಕುರ್ಚಿಯ ಹಿಡಿ ಹಿಡಿದುಕೊಂಡರು. ನಂತರ ನಗತೊಡಗಿದರು. “ನಮ್ಮವ್ವ ಇದ್ದಿದ್ರ ಲಗ್ನದ ಭಾಂಡೆ ಮ್ಯಾಲೆ ಬರೆಸಿದಾಂಗ ಬರೆಸೀದಿ ನೋಡು ಅಂತಿದ್ಲು.”

ಊಟದ ಹೊತ್ತಿಗೆ ಒಂದು ಸಣ್ಣ ಪ್ರೋಗ್ರಾಂ ಬರೆದು ಮುಗಿಸಿದೆ. ಒಂದು ಚಿತ್ರವನ್ನೂ ತೆರೆಯದೆ ಎಲ್ಲ ಫೈಲುಗಳಿಂದ ಆ ಮಾಹಿತಿಯನ್ನು ಕಿತ್ತು ಹಾಕಿತು. ಅವರು ಹಳೆಯವನ್ನೆಲ್ಲ ತೆಗೆದು, ಕೌದಿ ಇಲ್ಲದವನ್ನಷ್ಟೇ ತಾಣಕ್ಕೆ ಏರಿಸಿದರು. ನಾನು ಸೈಕಲ್ ಏರಿದಾಗ ಚಳಿಯೇ ಗೊತ್ತಾಗಲಿಲ್ಲ. ಪರೀಕ್ಷೆಯಲ್ಲಿ ಕೊನೆಯ ಗಂಟೆ ಬಾರಿಸುವ ಹೊತ್ತಿನಲ್ಲಿ ಬರೆಯುತ್ತಿದ್ದೆವಲ್ಲ, ಅಂಥ ಹುರುಪು ಮೈಯಲ್ಲಿ.

ಮರುದಿನ ಮಧ್ಯಾಹ್ನ ಹನುಮಂತರಾಯರ ಫೋನ್. ಬಳಗದ ಅಧ್ಯಕ್ಷರು, ಹೈಡೆಲ್‌ಬರ್ಗ್‌ನಲ್ಲಿ ಮೂವತ್ತು ವರ್ಷದಿಂದ ಇರುವ ಮೈಸೂರಿನ ವಿಜ್ಞಾನಿ.

“ಏನಪ್ಪಾ ಬಾಳಪ್ಪ, ಡೈರೆಕ್ಟರಿ ಕ್ಲಿಕ್ ಮಾಡಿದ್ರೆ ಬಿಳೀ ಪೇಜ್ ಬರ್ತಿದೆಯಲ್ಲ. ಸರ್ವರ್ ಬಿತ್ತಾ?”

“ಇಲ್ಲ ಸರ್, ನಾನೇ ತೆಗೆದೆ.”

“ಯಾರು ಹೇಳಿದ್ರು ತೆಗೆಯೋಕೆ?”

ಪ್ರೇಮಕ್ಕನ ಮಾತು ಎತ್ತುವಂತಿರಲಿಲ್ಲ. ಸುಳ್ಳು ಹೇಳಲು ನನಗೆ ಬರುವುದಿಲ್ಲ. ಬೆಳಿಗ್ಗೆಯೇ ಕಚೇರಿಯಲ್ಲಿ ಆ ದೇಶದ ಕಾನೂನು ಓದಿಕೊಂಡಿದ್ದೆ. ನಿಜವಾದ ಕಾರಣ ಅದರಲ್ಲೇ ಸಿಕ್ಕಿತ್ತು.

“ಯಾರೂ ಹೇಳ್ಲಿಲ್ಲ ಸರ್. ಹಾಕುವಾಗ ನಾನು ಯಾರನ್ನೂ ಕೇಳಿರ್ಲಿಲ್ಲ. ಡಾಟೆನ್‌ಶುಟ್ಸ್ ಪ್ರಕಾರ ಒಬ್ಬೊಬ್ಬರ ಒಪ್ಪಿಗೆಯೂ ಬರವಣಿಗೆಯಲ್ಲಿ ಬೇಕು. ತಪ್ಪು ನನ್ನದು.”

ವ್ಯಕ್ತಿಯ ಮಾಹಿತಿಯನ್ನು ಕಾಯುವ ಕಾನೂನಿಗೆ ಅಲ್ಲಿ ಆ ಹೆಸರು. ಅದನ್ನು ಕೇಳಿದರೆ ಜರ್ಮನಿಯಲ್ಲಿ ಬಹುಕಾಲ ಇದ್ದವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಹನುಮಂತರಾಯರ ದನಿಯೂ ಇಳಿಯಿತು.

“ಒಳ್ಳೇದೇ ಆಯ್ತು ಬಿಡು. ನನ್ನ ಹೆಂಡ್ತಿ ಜಲಜಮ್ಮಂದು ಹುಟ್ಟಿದ ವರ್ಷ ಕೂಡ ಹಾಕಿದ್ದೆಯಲ್ಲಯ್ಯ ನೀನು. ಅರವತ್ತು ಆಯ್ತಾ ಅಂತ ಯಾರೋ ವಿಶ್ ಮಾಡಿದ್ರಂತೆ. ಎರಡು ವಾರ ನನ್ನ ಜೊತೆ ಮಾತಾಡ್ಲಿಲ್ಲ.”

ಅಂದೇ ಎಲ್ಲ ಸದಸ್ಯರಿಗೂ ಪತ್ರ ಬರೆದೆ. ಕೇಳದೆ ಪ್ರಕಟಿಸಿದ್ದಕ್ಕೆ ಕ್ಷಮೆ ಕೇಳಿದೆ, ಸಿ.ಡಿ. ವಾಪಸ್ ಕಳಿಸಿ ಎಂದೆ. ಇನ್ನು ಮೇಲೆ ಒಬ್ಬರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಬಳಗ ಕೊಡುವುದಿಲ್ಲ ಎಂದು ನಿಯಮವನ್ನೂ ಬರೆದೆ. ನನ್ನ ಗೆಳೆಯ, ಬೆಂಗಳೂರಿನ ಸುಹಾಸ್ ತಕ್ಷಣ ಫೋನ್ ಮಾಡಿದ. “ಏನ್ ಮಗಾ, ಪೂರ್ತಿ ಜರ್ಮನ್ ಆಗ್ಬಿಟ್ಯಾ? ನಾಳೆ ನಿನ್ನ ಮನೆಗೆ ಬರೋಕೂ ಫಾರ್ಮ್ ತುಂಬ್ಬೇಕಾ?”

“ಬೂಟು ಹೊರಗೆ ಬಿಡ್ತೀನಿ ಅಂತ ಸಹಿ ಹಾಕಿದ್ರೆ ಸಾಕು,” ಎಂದೆ.

ಸಿ.ಡಿ.ಗಳು ಬರತೊಡಗಿದವು. ಅತ್ತ ಆ ಮನುಷ್ಯನ ಪತ್ರಗಳೂ. ಸೋಮವಾರ: ‘ನೋಡಿದ್ದು ಊರಲ್ಲಲ್ಲ, ಜರ್ಮನಿಯಲ್ಲೇ.’ ಪ್ರೇಮಕ್ಕ ಬೆಲ್ಲಿನ ಮೇಲಿನ ಹೆಸರಿನ ಚೀಟಿ ಕಿತ್ತು, ಅಂಚೆಯವನಿಗೆ ಅದೇನೋ ಸಬೂಬು ಹೇಳಿದರು. ಗುರುವಾರ: ‘ಚಳಿಗಾಲ. ಒಂದು ದೊಡ್ಡ ಹಾಲ್.’ ನಾನು ಮಧ್ಯಾಹ್ನದ ಊಟದ ಹೊತ್ತಿನಲ್ಲೆಲ್ಲ ಹುಡುಕಾಟದ ಪುಟ ತೆರೆದು ನೋಡುತ್ತಿದ್ದೆ. ಒಂಬತ್ತನೆಯ ದಿನ ಹಳೆಯ ಪ್ರತಿ ಮಾಯವಾಗಿತ್ತು. ಕುರ್ಚಿಯಿಂದ ಎದ್ದೇಬಿಟ್ಟೆ. ಪಕ್ಕದವನು ಏನಾಯಿತೆಂದು ಕೇಳಿದ. ಏನೂ ಇಲ್ಲದಿರುವುದು ಸಿಕ್ಕಿತು ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಎರಡು ವಾರಕ್ಕೆ ಮೂವತ್ತೊಂದು ಸಿ.ಡಿ. ಬಂದವು. ಒಂದು ಬಾಕಿ, ವೋಲ್ಫ್ಸ್‌ಬುರ್ಗ್‌ನ ದ್ವಾರಕನಾಥರದು. ಆ ಒಂದು ಯಾರ ಕೈಯಲ್ಲಿದೆಯೋ ಎಂದು ನಿದ್ದೆ ಬರಲಿಲ್ಲ. ಕೊನೆಗೆ ಫೋನ್ ಮಾಡಿದೆ.

“ಅಯ್ಯೋ ಅದಾ? ಬಾಲ್ಕನಿಲಿ ದಾರ ಕಟ್ಟಿ ನೇತು ಹಾಕಿದೀನಿ ಕಣಪ್ಪ, ಪಾರಿವಾಳ ಬರದ ಹಾಗೆ. ಮೂರು ತಿಂಗಳು ಹಿಮ, ಮಳೆ ತಿಂದಿದೆ. ಕಳಿಸ್ಲಾ?”

“ಬೇಡ ಸರ್, ಅಲ್ಲೇ ಇರಲಿ.”

ಅದನ್ನು ಕೇಳಿ ಪ್ರೇಮಕ್ಕ, “ಪಾರಿವಾಳಕ್ಕ ನನ್ನ ವಿಳಾಸ ಗೊತ್ತಾದ್ರ ಅಡ್ಡಿಯಿಲ್ಲ ಬಿಡು,” ಎಂದರು. ಆದರೆ ಅವರ ಮುಖದಲ್ಲಿ ನಗು ಇರಲಿಲ್ಲ. ಆ ಬೆಳಿಗ್ಗೆ ಬಂದ ಪತ್ರವನ್ನು ತೋರಿಸಿದರು: ‘ನೆನಪಾಯಿತು. ರಾಜ್ಯೋತ್ಸವ. ಪ್ರದರ್ಶನದ ಗೋಡೆ. ಇನ್ನು ಯಾರದೆಂದು ಕೇಳುವುದಷ್ಟೇ ಬಾಕಿ.’

“ಯಾರನ್ನ ಕೇಳ್ತಾನ ಅಂತೀ?” ಎಂದರು.

ಕೇಳಿದ್ದು ನನ್ನನ್ನೇ. ಮರುದಿನ ಬೆಳಿಗ್ಗೆ ಬಳಗದ ಇ-ಮೇಲ್‌ಗೆ ಒಂದು ವಿನಯದ ಪತ್ರ ಬಂದಿತ್ತು. ನವೆಂಬರ್ ಪ್ರದರ್ಶನದಲ್ಲಿದ್ದ ಕೌದಿಯೊಂದು ಬಹಳ ಹಿಡಿಸಿತು, ಖಾಕಿ ತುಂಡು, ಅದರಲ್ಲಿ ಗುಂಡಿಯ ತೂತು ಕೂಡ ಹಾಗೇ ಉಳಿದದ್ದು, ನಮ್ಮ ತಾಯಿಗೂ ಅಂಥದ್ದು ಹೊಲಿಯುವ ಆಸೆ, ಯಾರದೆಂದು ತಿಳಿಸುವಿರಾ? ಕೆಳಗೆ ಪೂರ್ತಿ ಹೆಸರು, ಕಂಪನಿ, ವಿಭಾಗ, ಮೇಜಿನ ಫೋನ್ ನಂಬರು. ಕಚೇರಿಯ ಪತ್ರಗಳ ಕೆಳಗೆ ತಾನಾಗಿಯೇ ಮೂಡುವ ಸಾಲುಗಳವು. ಅಳಿಸಲು ಮರೆತಿದ್ದ.

ನಾನು ಪ್ರೇಮಕ್ಕನಿಗೆ ಫೋನ್ ಮಾಡಿ ಪತ್ರದ ವಿಷಯವನ್ನಷ್ಟೇ ಓದಿ ಹೇಳಿದೆ. ನಿಜವಾಗಿ ಕೌದಿ ಮೆಚ್ಚಿದವರು ಬೇರೆ ಯಾರಾದರೂ ಇರಬಹುದಲ್ಲ ಎಂದೆ.

“ಗುಂಡಿ ತೂತು ಅಂದ?” ಎಂದು ಕೇಳಿದರು. “ಪ್ರದರ್ಶನದಾಗ ಆ ಮೂಲಿ ಹಿಂದಕ ಮಡಚಿ ಪಿನ್ ಚುಚ್ಚಿದ್ನಿ, ಹರಕ ಕಾಣಬಾರದು ಅಂತ. ನೀನ ಸ್ಟೂಲ್ ಹಿಡಿದಿದ್ದಿ, ಮರತ್ಯಾ? ಆ ತೂತು ಕಾಣೂದು ನನ್ನ ಫೋಟೋದಾಗ ಅಷ್ಟ.”

ಹಾಗಾದರೆ ಅವನೇ. ಇಷ್ಟು ದಿನ ನಮ್ಮನ್ನು ಹುಡುಕುತ್ತಿದ್ದವನ ಹೆಸರು, ಮೇಜು, ಫೋನು ಎಲ್ಲ ನನ್ನ ಮುಂದಿನ ಪರದೆಯ ಮೇಲೆ. ಬಳಗದಲ್ಲಿ ಮರ್ಯಾದೆಯುಳ್ಳ ಹೆಸರು ಅದು.

“ಅಕ್ಕಾರ, ಹೆಸರು ಹೇಳ್ಲೇನ್ರಿ?”

“ನಿನ್ನ ನಿಯಮ ಏನಂತೈತಿ?”

“ಕೇಳದ ಯಾರ ಮಾಹಿತೀನೂ ಯಾರಿಗೂ ಕೊಡೂದಿಲ್ಲ ಅಂತೈತ್ರಿ.”

“ಮತ್ತ ಹಂಗ ಮಾಡು. ಅವನಿಗೂ ಅದನ್ನ ಕೇಳು.”

ಅವರು ಹೇಳಿದ್ದು ನನಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಹೊಳೆದ ಮೇಲೆ ಬೆರಳು ನಿಲ್ಲಲಿಲ್ಲ. ಬರೆದೆ: ‘ಮಾನ್ಯರೇ, ನಿಮ್ಮ ಆಸಕ್ತಿಗೆ ಧನ್ಯವಾದ. ಬಳಗದ ನಿಯಮದಂತೆ ಕೌದಿಯವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಕೊಡಲಾಗದು. ನೀವು ಒಪ್ಪಿದರೆ ನಿಮ್ಮ ಈ ಪತ್ರವನ್ನು, ಕೆಳಗಿರುವ ನಿಮ್ಮ ಹೆಸರು, ವಿಭಾಗ, ಫೋನ್ ಸಂಖ್ಯೆಗಳ ಸಮೇತ, ಅವರಿಗೆ ತಲುಪಿಸುತ್ತೇನೆ. ಗುಂಡಿಯ ತೂತಿನ ಬಗ್ಗೆ ಕೇಳಿದವರು ಯಾರೆಂದು ತಿಳಿಯಲು ಅವರಿಗೂ ಕುತೂಹಲವಿರಬಹುದು. ಕಳಿಸಲೇ?’

ಕಳಿಸಿ ಗಡಿಯಾರ ನೋಡಿದೆ. ಏಳು ನಿಮಿಷಕ್ಕೆ ಉತ್ತರ ಬಂತು. ಈ ಸಲ ಕೆಳಗೆ ವಿಭಾಗವೂ ಇಲ್ಲ, ಫೋನೂ ಇಲ್ಲ. ‘ಬೇಡ. ಅಷ್ಟು ಮುಖ್ಯವಲ್ಲ. ದಯವಿಟ್ಟು ನನ್ನ ಪತ್ರವನ್ನು ಅಳಿಸಿಬಿಡಿ.’

ಮರುದಿನ ನ್ಯೂರೆಂಬರ್ಗಿನ ಕಂಪನಿಯಿಂದ ಪ್ರೇಮಕ್ಕನಿಗೆ ಸೂಚನೆ ಬಂತು: ಒಬ್ಬ ಸದಸ್ಯ ಚಂದಾ ನಿಲ್ಲಿಸಿದ್ದಾನೆ. ಆಮೇಲೆ ಅವನಿಂದ ಒಂದು ಪತ್ರವೂ ಇಲ್ಲ. ಅವನು ಬೇಡಿಕೊಂಡಂತೆ ನಾನೂ ಆ ಪತ್ರವನ್ನು ಅಳಿಸಿದೆ. ಮನಸ್ಸಿನಿಂದ ಅಳಿಸುವ ಪ್ರೋಗ್ರಾಂ ನನಗೆ ಗೊತ್ತಿಲ್ಲ. ಆದರೆ ಅವನ ಹೆಸರನ್ನು ಇಲ್ಲಿಯೂ ಬರೆಯುತ್ತಿಲ್ಲ.

ಪ್ರೇಮಕ್ಕ ಬೆಲ್ಲಿನ ಮೇಲೆ ಹೆಸರಿನ ಚೀಟಿಯನ್ನು ಮತ್ತೆ ಅಂಟಿಸಿದರು. ಫೋಟೋಗೆ ಅಂಗಡಿಯ ಬಿಳಿ ಹಾಸು ತಂದರು, ಸಾವಿರ ಮನೆಯಲ್ಲಿ ಇರುವಂಥದ್ದು. ಕೌದಿ ಹೊದೆಯುವುದಕ್ಕೆ ಮಾತ್ರ.

ಯುಗಾದಿಗೆ ಬಳಗದವರೆಲ್ಲ ಎರ್ಲಾಂಗೆನ್‌ನ ಒಂದು ಹಾಲ್‌ನಲ್ಲಿ ಸೇರಿದೆವು. ನಾನು ಚಿತ್ರಾನ್ನ ಬಡಿಸುತ್ತಿದ್ದೆ. ಪ್ರೇಮಕ್ಕ ತಮ್ಮ ಎಂಟು ಮಕ್ಕಳಿಂದ ಕನ್ನಡ ಪದ್ಯ ಹೇಳಿಸಿ, ಚಹಾದ ಫ್ಲಾಸ್ಕ್ ಹಿಡಿದು ಸಾಲಿನಲ್ಲಿ ಬಂದರು. ಆ ಸಾಲಿನಲ್ಲಿ ಅವನೂ ಕುಳಿತಿದ್ದ. ಅವರು ಲೋಟ ತುಂಬಿದರು. “ಸಕ್ಕರೆ ಕಡಿಮೆ ಇದೆಯಾ ಮೇಡಂ?” ಎಂದು ಕೇಳಿದ. “ಹಂಗ ಕುಡೀರಿ, ಆರೋಗ್ಯಕ್ಕ ಚಲೋ,” ಎಂದು ಮುಂದಿನವರಿಗೆ ಹೋದರು. ಇಬ್ಬರಿಗೂ ಇನ್ನೊಬ್ಬರು ಯಾರೆಂದು ಗೊತ್ತಿಲ್ಲ.

ಸಂಜೆ ಸೈಕಲ್ ಮೇಲೆ ಮನೆಗೆ ಹೊರಟೆವು. ಬಿಸಿಲು ಇನ್ನೂ ಇತ್ತು. ಸ್ವಲ್ಪ ದೂರ ಹೋದ ಮೇಲೆ ಪ್ರೇಮಕ್ಕ ಕೇಳಿದರು, “ಇವತ್ತ ಅಂವ ಬಂದಿದ್ನೇನೋ?”

“ಅವರ ಒಪ್ಪಿಗಿ ಕೇಳಿ ಹೇಳ್ತೀನ್ರಿ ಅಕ್ಕಾರ.”

ಅವರು ನಕ್ಕ ರಭಸಕ್ಕೆ ಸೈಕಲ್ ಅಡ್ಡಾದಿಡ್ಡಿಯಾಗಿ ಹೋಯಿತು; ಒಂದು ಕಾಲು ನೆಲಕ್ಕೆ ಊರಿ ನಿಂತರು.